ಲೋಳೆಗೂಡಿನೊಳಗಿನ ರೋಗಾಣು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು 2004ರ ಎಸ್ಸೆಸ್ಸೆಲ್ಸಿ ತಂಡದವನು. ಇಲ್ಲಿಂದ ಪಿಯುಸಿಗೆ ಹೋಗಿ, ಆಮೇಲೆ ಕಂಪ್ಯೂಟರ್ ಸೈನ್ಸಿನಲ್ಲಿ ಬಿ.ಇ. ಮುಗಿಸಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೇನೆ. ಕಂಪ್ಯೂಟರ್ ಬಗ್ಗೆ ಮಾತಾಡು ಎಂದು ಸಂಘಟಕರು ಹೇಳಿದ್ದರು. ಅದರ ಬಗ್ಗೆ ಮಕ್ಕಳಿಗೆ ಮೊಬೈಲೇ ಬೇಕಾದಷ್ಟು ಹೇಳಿಕೊಡುತ್ತಿದೆ. ನಾನು ಇವತ್ತು ನಮ್ಮ ಮನೆಮನೆಗೂ ಸಂಬಂಧಪಟ್ಟ ಬೇರೊಂದು ವಿಷಯ ಹೇಳುತ್ತೇನೆ. ನಮ್ಮ ತಂಡ ಪ್ರಯೋಗಾಲಯಗಳ ಮಾಹಿತಿಯನ್ನು ಜೋಡಿಸಿಡುವ, ಸೋಸಿ ತೆಗೆಯುವ ಸಾಫ್ಟ್‌ವೇರ್ ಬರೆಯುತ್ತದೆ. ಆ ಕೆಲಸದಿಂದಲೇ ಈ ವಿಷಯ ನನ್ನ ಕಣ್ಣಿಗೆ ಬಿತ್ತು. ನಾನು ವೈದ್ಯನಲ್ಲ. ಓದಿ, ವಿಜ್ಞಾನಿಗಳಿಂದ ಕೇಳಿ ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತೇನೆ. ಚಿಕಿತ್ಸೆಯ ತೀರ್ಮಾನ ಯಾವಾಗಲೂ ನಿಮ್ಮ ವೈದ್ಯರದೇ.

ಈ ಶಾಲೆ ಶುರುವಾದಾಗ ನಮ್ಮೂರಿನಲ್ಲಿ ಮೈಯೊಳಗೆ ಲೋಹ, ಪ್ಲಾಸ್ಟಿಕ್ಕು ಇಟ್ಟುಕೊಂಡು ಬದುಕುವವರು ಇರಲಿಲ್ಲವೆಂದೇ ಹೇಳಬಹುದು. ಇವತ್ತು ಈ ಸಭೆಯಲ್ಲೇ ಕೇಳಿ ನೋಡಿ. ಕಾಲಿಗೆ ರಾಡ್ ಹಾಕಿಸಿಕೊಂಡವರು ಇದ್ದಾರೆ, ಮಂಡಿ ಬದಲಾಯಿಸಿಕೊಂಡವರು ಇದ್ದಾರೆ, ಎದೆಗೆ ಪೇಸ್‌ಮೇಕರ್ ಕೂರಿಸಿಕೊಂಡವರು ಇದ್ದಾರೆ. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಹೋಗುವವರಿದ್ದಾರೆ. ಲಕ್ವ ಹೊಡೆದು ಮಲಗಿ, ಮೂತ್ರದ ಪೈಪು ಹಾಕಿಸಿಕೊಂಡ ಅಜ್ಜ ಅಜ್ಜಿಯರಿದ್ದಾರೆ. ಇವೆಲ್ಲ ಜೀವ ಉಳಿಸುವ, ನಡೆದಾಡಿಸುವ ಸಾಧನಗಳು. ಆದರೆ ಇವುಗಳ ಜೊತೆಗೇ ಬರುವ ಒಂದು ತೊಂದರೆಯ ಬಗ್ಗೆ ನಮಗೆ ಯಾರೂ ಬಿಡಿಸಿ ಹೇಳುವುದಿಲ್ಲ.

ನಮ್ಮ ದೊಡ್ಡಪ್ಪನಿಗೆ ಮಂಡಿ ಬದಲಾಯಿಸಿದ್ದರು. ಎರಡು ತಿಂಗಳಿಗೆ ಹಿಪ್ಪುನೇರಳೆ ತೋಟಕ್ಕೆ ತಾವೇ ನಡೆದುಹೋಗಿ ಬರುವಂತಾದರು. ಎಂಟು ತಿಂಗಳಾದ ಮೇಲೆ ಮಂಡಿ ಬಿಸಿಯಾಯಿತು, ಊದಿಕೊಂಡಿತು, ಹೊಲಿಗೆ ಹಾಕಿದ ಜಾಗದಲ್ಲಿ ಕೀವು ಕಾಣಿಸಿತು. ಆ್ಯಂಟಿಬಯಾಟಿಕ್ ಮಾತ್ರೆ ನುಂಗಿದರೆ ಇಳಿಯುವುದು, ಬಿಟ್ಟರೆ ಮತ್ತೆ ಬರುವುದು. ಹೀಗೆ ಮೂರು ಸಲ ಆಯಿತು. ಕೊನೆಗೆ ವೈದ್ಯರು ಮಂಡಿಯನ್ನು ಮತ್ತೆ ಬಿಚ್ಚಿ, ಕೂರಿಸಿದ್ದ ಸಾಧನವನ್ನೇ ತೆಗೆದುಹಾಕಿ, ಆ ಜಾಗಕ್ಕೆ ಔಷಧಿ ಬೆರೆಸಿದ ಸಿಮೆಂಟಿನ ತುಂಡು ಇಟ್ಟು, ವಾರಗಟ್ಟಲೆ ಔಷಧಿ ಕೊಟ್ಟು, ಆಮೇಲೆ ಹೊಸ ಮಂಡಿ ಕೂರಿಸಿದರು. ದುಡ್ಡು ಹೋಯಿತು, ಎರಡು ಬೆಳೆ ಹುಳು ಸಾಕಣೆ ನಿಂತುಹೋಯಿತು. ಊರಿನಲ್ಲಿ ಒಬ್ಬರು ಡಾಕ್ಟರು ಕೆಡಿಸಿದರು ಎಂದರು, ಇನ್ನೊಬ್ಬರು ಹಾಕಿದ ಮಾಲೇ ಕಳಪೆ ಎಂದರು. ದೊಡ್ಡಮ್ಮ ಮಾತ್ರ ಸರಿಯಾದ ಪ್ರಶ್ನೆ ಕೇಳಿದರು: "ಮಾತ್ರೆಗೆ ಬಗ್ಗಿದ ಕಾಯಿಲೆ ಮತ್ತೆ ಯಾಕಪ್ಪಾ ಬರ್ತದೆ? ಮಾತ್ರೆ ಸುಳ್ಳೋ, ಕಾಯಿಲೆ ಸುಳ್ಳೋ?"

ಈ ಪ್ರಶ್ನೆಗೆ ಉತ್ತರ ಹುಡುಕೋಣ.

ಬಚ್ಚಲ ಕಲ್ಲಿನ ಮೇಲೆ, ನೀರಿನ ತೊಟ್ಟಿಯ ಒಳಗೋಡೆಯ ಮೇಲೆ ಜಾರುವ ಲೋಳೆ ಕಟ್ಟುವುದನ್ನು ಎಲ್ಲರೂ ನೋಡಿದ್ದೀರಿ. ಬೆಳಿಗ್ಗೆ ಎದ್ದಾಗ ನಾಲಿಗೆ ಆಡಿಸಿದರೆ ಹಲ್ಲಿನ ಮೇಲೆ ಸಿಗುವ ಪದರವೂ ಅದೇ ಜಾತಿಯದು. ನೀರಿನಲ್ಲಿ, ರಕ್ತದಲ್ಲಿ ಒಂಟಿಯಾಗಿ ತೇಲಾಡುವ ಬ್ಯಾಕ್ಟೀರಿಯ ಗಟ್ಟಿಯಾದ ಒಂದು ಮೇಲ್ಮೈ ಸಿಕ್ಕಿದರೆ ಅಲ್ಲಿ ಅಂಟಿಕೊಳ್ಳುತ್ತದೆ, ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಬಳಿಕ ಎಲ್ಲ ಸೇರಿ ಸಕ್ಕರೆ ಜಾತಿಯ ಪದಾರ್ಥ, ಪ್ರೋಟೀನು, ಡಿಎನ್‌ಎ ಎಳೆಗಳನ್ನು ಸುರಿಸಿ ತಮ್ಮ ಸುತ್ತ ಒಂದು ಅಂಟು ಹೊದಿಕೆ ಕಟ್ಟಿಕೊಳ್ಳುತ್ತವೆ. ಆಹಾರ ಮತ್ತು ನೀರು ಹರಿಯಲು ಅದರೊಳಗೆ ಕಾಲುವೆಯಂಥ ಸಂದುಗಳೂ ಇರುತ್ತವೆ. ವಿಜ್ಞಾನಿಗಳು ಇದನ್ನು ಬಯೋಫಿಲ್ಮ್ ಎನ್ನುತ್ತಾರೆ. ನಾನು ಇವತ್ತಿನ ಮಟ್ಟಿಗೆ ಲೋಳೆಗೂಡು ಎನ್ನುತ್ತೇನೆ. ಗೂಡು ಎಂದರೆ ನಮ್ಮ ಚಿಕ್ಕಬಳ್ಳಾಪುರ, ಕೋಲಾರ ಸೀಮೆಯವರಿಗೆ ಬೇರೆ ವಿವರಣೆ ಬೇಡ. ವ್ಯತ್ಯಾಸ ಇಷ್ಟೇ, ರೇಷ್ಮೆ ಗೂಡಿನೊಳಗೆ ಇರುವುದು ಸಾಮಾನ್ಯವಾಗಿ ಒಂದೇ ಹುಳು. ಈ ಗೂಡಿನೊಳಗೆ ಲಕ್ಷ ಲಕ್ಷ.

ಇದನ್ನು ಮೊದಲು ಕಂಡವನು ಹಾಲೆಂಡಿನ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವನ್‌ಹುಕ್. 1683ರಲ್ಲಿ ಅವನು ತನ್ನ ಹಲ್ಲಿನ ಕೊಳೆಯನ್ನು ಕೆರೆದು, ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ನೋಡಿ, ಅಲ್ಲಿ ಸಣ್ಣ ಜೀವಿಗಳು ಓಡಾಡುತ್ತಿರುವುದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ. ವಿನೆಗರ್ ಹಾಕಿದಾಗ ಕೊಳೆಯ ಹೊರಗಿದ್ದವು ಸತ್ತವು, ಒಳಗಿದ್ದವು ಸಾಯಲಿಲ್ಲ ಎಂಬುದನ್ನೂ ಅವನು ಗಮನಿಸಿದ್ದ. ದೊಡ್ಡಮ್ಮನ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇತ್ತು.

ಇನ್ನರ್ಧ ಸಿಗಲು ಸುಮಾರು ಮುನ್ನೂರು ವರ್ಷ ಬೇಕಾಯಿತು. 1982ರಲ್ಲಿ ಕೆನಡಾದ ವಿಜ್ಞಾನಿ ಬಿಲ್ ಕಾಸ್ಟರ್ಟನ್ ಮತ್ತು ಜೊತೆಗಾರರು, ಆ್ಯಂಟಿಬಯಾಟಿಕ್ ಕೊಟ್ಟರೂ ರಕ್ತದ ಸೋಂಕು ಮರಳಿ ಬರುತ್ತಿದ್ದ ಒಬ್ಬ ರೋಗಿಯ ಪೇಸ್‌ಮೇಕರ್ ತಂತಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ತಂತಿಯ ಮೇಲೆ ದಪ್ಪ ಲೋಳೆ, ಅದರೊಳಗೆ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಗಳ ಕಿಕ್ಕಿರಿದ ಬೀಡು.

ಗೂಡಿನೊಳಗೆ ಸೇರಿಕೊಂಡರೆ ಔಷಧಿ ಏಕೆ ನಾಟುವುದಿಲ್ಲ? ಮುಖ್ಯವಾಗಿ ಮೂರು ಕಾರಣ. ಒಂದು, ಕೆಲವು ಔಷಧಿಗಳು ಲೋಳೆಯಲ್ಲೇ ಅಂಟಿಕೊಂಡು ಒಳಗೆ ತಲುಪುವಷ್ಟರಲ್ಲಿ ಸೊರಗುತ್ತವೆ. ಎರಡು, ಗೂಡಿನ ಆಳದಲ್ಲಿ ಆಹಾರವೂ ಆಮ್ಲಜನಕವೂ ಕಡಿಮೆ. ಅಲ್ಲಿರುವ ಬ್ಯಾಕ್ಟೀರಿಯ ಬೆಳೆಯುವುದನ್ನೇ ನಿಧಾನ ಮಾಡುತ್ತದೆ. ಪೆನಿಸಿಲಿನ್‌ನಂಥ ಔಷಧಿ ಬ್ಯಾಕ್ಟೀರಿಯ ಬೆಳೆಯುತ್ತ ತನ್ನ ಗೋಡೆ ಕಟ್ಟುವಾಗ ಅದನ್ನು ಕೆಡವುವಂಥದ್ದು. ಗೋಡೆ ಕಟ್ಟದೆ ಸುಮ್ಮನಿರುವವನನ್ನು ಅದು ಏನು ಮಾಡೀತು? ಮೂರು, ಕೆಲವೇ ಕೆಲವು ಬ್ಯಾಕ್ಟೀರಿಯಗಳು ಪೂರ್ತಿ ನಿದ್ದೆಗೆ ಜಾರಿರುತ್ತವೆ. ಐರ್ಲೆಂಡಿನ ಜೋಸೆಫ್ ಬಿಗ್ಗರ್ ಎಂಬ ವೈದ್ಯ 1944ರಲ್ಲೇ ಇಂಥವನ್ನು ಗುರುತಿಸಿ ಪರ್ಸಿಸ್ಟರ್ ಎಂದು ಹೆಸರಿಟ್ಟ, ಅಂದರೆ ಪಟ್ಟು ಬಿಡದೆ ಉಳಿಯುವವು. ಔಷಧಿ ನಿಂತ ಮೇಲೆ ಇವು ಎದ್ದು ಮತ್ತೆ ಸಂಸಾರ ಹೂಡುತ್ತವೆ. ಇಷ್ಟೂ ಸೇರಿ, ತೇಲಾಡುವ ಬ್ಯಾಕ್ಟೀರಿಯ ಸಾಯಲು ಬೇಕಾದ ಔಷಧಿಯ ಹತ್ತರಿಂದ ಸಾವಿರ ಪಟ್ಟು ಗೂಡಿನಲ್ಲಿರುವುದಕ್ಕೆ ಬೇಕಾಗಬಹುದು. ಅಷ್ಟು ಕೊಟ್ಟರೆ ರೋಗಾಣುವಿಗಿಂತ ಮೊದಲು ಮನುಷ್ಯನಿಗೇ ಅಪಾಯ. ಲೋಹಕ್ಕೆ ರಕ್ತನಾಳವಿಲ್ಲ, ನಮ್ಮ ಬಿಳಿ ರಕ್ತಕಣಗಳೂ ಗೂಡನ್ನು ಸುಲಭವಾಗಿ ಒಡೆಯಲಾರವು.

ಹಾಗಾಗಿ ದೊಡ್ಡಮ್ಮನಿಗೆ ನಾನು ಹೇಳಿದ್ದು ಇಷ್ಟು: ಮಾತ್ರೆಯೂ ಸುಳ್ಳಲ್ಲ, ಕಾಯಿಲೆಯೂ ಸುಳ್ಳಲ್ಲ. ಗೂಡಿನಿಂದ ಹೊರಗೆ ಬಂದವನ್ನು ಮಾತ್ರೆ ಕೊಂದಿತು, ಗೂಡು ಹಾಗೇ ಉಳಿಯಿತು. ಹುಳು ಸಾಕುವವರಿಗೆ ಇದು ಗೊತ್ತಿರುವ ಮಾತೇ. ಸಪ್ಪೆ ರೋಗವೋ ಸುಣ್ಣಕಟ್ಟು ರೋಗವೋ ಬಂದು ಹೋದ ಮೇಲೆ ಹುಳು ಮನೆಯ ನೆಲದಲ್ಲಿ ಕಸ, ಹಿಕ್ಕೆ ಬಿಟ್ಟು ಅದರ ಮೇಲೇ ಬ್ಲೀಚಿಂಗ್ ಪೌಡರ್ ನೀರು ಹೊಡೆದರೆ ಪ್ರಯೋಜನವಿಲ್ಲ. ಮೊದಲು ಗುಡಿಸಿ, ಉಜ್ಜಿ ತೊಳೆಯಬೇಕು, ಆಮೇಲೆ ಔಷಧಿ. ವೈದ್ಯರು ಮಂಡಿ ಬಿಚ್ಚಿ ಸಾಧನ ತೆಗೆದದ್ದು ಕೆಡಿಸಲಿಕ್ಕಲ್ಲ, ಗೂಡನ್ನು ಬುಡಸಮೇತ ತೆಗೆಯಲಿಕ್ಕೆ.

ಮೂತ್ರದ ಪೈಪಿನ ಕಥೆಯೂ ಇದೇ. ಪೈಪು ಹಾಕಿದ ಮೇಲೆ ಮೂತ್ರದಲ್ಲಿ ಬ್ಯಾಕ್ಟೀರಿಯ ಸೇರುವ ಸಂಭವ ದಿನಕ್ಕೆ ನೂರಕ್ಕೆ 3ರಿಂದ 7ರಷ್ಟು ಏರುತ್ತ ಹೋಗುತ್ತದೆ. ಒಂದು ತಿಂಗಳು ಇಟ್ಟರೆ ಹೆಚ್ಚುಕಡಿಮೆ ಎಲ್ಲರಿಗೂ ಸೇರಿರುತ್ತದೆ. ಎಲ್ಲರಿಗೂ ಅದು ಕಾಯಿಲೆಯಾಗುವುದಿಲ್ಲ, ಆದರೆ ಆದವರಿಗೆ ರಕ್ತದವರೆಗೂ ಹೋಗಬಹುದು. ಪ್ರೋಟಿಯಸ್ ಎಂಬ ಒಂದು ಬ್ಯಾಕ್ಟೀರಿಯವಂತೂ ಮೂತ್ರದ ಯೂರಿಯಾವನ್ನು ಒಡೆದು ಅಮೋನಿಯ ಮಾಡಿ, ಅದನ್ನು ಕ್ಷಾರವಾಗಿಸುತ್ತದೆ. ಆಗ ಮೂತ್ರದಲ್ಲಿರುವ ಲವಣಗಳು ಪೈಪಿನೊಳಗೆ ಹರಳುಗಟ್ಟುತ್ತವೆ. ನಮ್ಮ ಬೋರ್‌ವೆಲ್ ಪೈಪಿನಲ್ಲಿ ಉಪ್ಪು ಕಟ್ಟಿದ ಹಾಗೆ ಪೈಪು ಕಟ್ಟಿಕೊಳ್ಳುತ್ತದೆ.

ಇದಕ್ಕೆ ಹೊಸ ದಾರಿ ಏನಾದರೂ ಇದೆಯೇ? ಇದೆ. ಹೊಸದು ಎನ್ನುವುದಕ್ಕಿಂತ ಬಹಳ ಹಳೆಯದು ಎನ್ನಬೇಕು. ಅದರ ಒಂದು ಮುಖ್ಯ ಸುಳಿವು ಸಿಕ್ಕಿದ್ದು ರೇಷ್ಮೆ ಪತಂಗದಲ್ಲಿ.

ಸ್ವೀಡನ್ನಿನ ಹಾನ್ಸ್ ಬೋಮನ್ ಎಂಬ ವಿಜ್ಞಾನಿ ಅಮೆರಿಕದ ದೊಡ್ಡ ಕಾಡು ರೇಷ್ಮೆ ಪತಂಗ ಸೆಕ್ರೋಪಿಯಾದ ಕೋಶಗಳಿಗೆ, ಅಂದರೆ ಗೂಡಿನೊಳಗಿನ ಹುಳುಗಳಿಗೆ, ಬ್ಯಾಕ್ಟೀರಿಯ ಚುಚ್ಚಿ ನೋಡಿದರು. ನಮಗಿರುವಂಥ ರೋಗನಿರೋಧಕ ಪ್ರತಿಕಾಯಗಳು ಹುಳುವಿಗಿಲ್ಲ. ಆದರೂ ಅದರ ರಸದಲ್ಲಿ ಬ್ಯಾಕ್ಟೀರಿಯವನ್ನು ಕೊಲ್ಲುವ ಪದಾರ್ಥ ಹುಟ್ಟಿಕೊಂಡಿತ್ತು. 1981ರಲ್ಲಿ ಅದರ ರಚನೆ ಪ್ರಕಟವಾಯಿತು, ಸೆಕ್ರೋಪಿನ್ ಎಂದು ಹೆಸರಾಯಿತು. ನಾವು ಚಂದ್ರಿಕೆಯ ಮೇಲೆ ಬಿಡುವ ರೇಷ್ಮೆ ಹುಳುವಿನ ಮೈಯಲ್ಲೂ ಇದೇ ಕುಟುಂಬದ ಪದಾರ್ಥಗಳಿವೆ. 1987ರಲ್ಲಿ ಅಮೆರಿಕದ ಮೈಕೆಲ್ ಜಾಸ್ಲಾಫ್ ಇನ್ನೊಂದನ್ನು ಕಂಡುಹಿಡಿದರು. ಪ್ರಯೋಗಕ್ಕಾಗಿ ಹೊಟ್ಟೆ ಕೊಯ್ದು ಹೊಲಿದ ಆಫ್ರಿಕದ ಕಪ್ಪೆಗಳನ್ನು ಅವರು ಶುದ್ಧವಲ್ಲದ ತೊಟ್ಟಿ ನೀರಿಗೇ ಬಿಡುತ್ತಿದ್ದರು. ಗಾಯ ಕೀವಾಗದೆ ಮಾಯುತ್ತಿತ್ತು. ಏಕೆ ಎಂದು ಹುಡುಕಿದಾಗ ಕಪ್ಪೆಯ ಚರ್ಮದಲ್ಲಿ ಮಗೈನಿನ್ ಸಿಕ್ಕಿತು. ನಮ್ಮ ಚರ್ಮ, ಶ್ವಾಸನಾಳ, ಬಿಳಿ ರಕ್ತಕಣಗಳಲ್ಲೂ ಇಂಥವಿವೆ. ಎಲ್‌ಎಲ್-37 ಎಂಬುದು ಅದರಲ್ಲೊಂದು.

ಇವುಗಳಿಗೆ ಸೂಕ್ಷ್ಮಾಣುನಾಶಕ ಪೆಪ್ಟೈಡ್ ಎಂದು ಹೆಸರು. ಪೆಪ್ಟೈಡ್ ಎಂದರೆ ಅಮೈನೋ ಆಮ್ಲಗಳ ಸಣ್ಣ ಸರ. ಸರದಲ್ಲಿ ಮಣಿ ಪೋಣಿಸಿದ ಹಾಗೆ. ಎಲ್‌ಎಲ್-37ರಲ್ಲಿ ಹೆಸರೇ ಹೇಳುವಂತೆ 37 ಮಣಿ. ಇವು ಕೆಲಸ ಮಾಡುವ ರೀತಿಯನ್ನು ಮಕ್ಕಳು ಸುಲಭವಾಗಿ ತಿಳಿಯಬಹುದು. ಬ್ಯಾಕ್ಟೀರಿಯದ ಹೊರಮೈಯಲ್ಲಿ ಋಣ ವಿದ್ಯುದಂಶ ಹೆಚ್ಚು. ಈ ಪೆಪ್ಟೈಡ್‌ಗಳಲ್ಲಿ ಹೆಚ್ಚಿನವಕ್ಕೆ ಧನ ವಿದ್ಯುದಂಶ. ಋಣ ಧನ ಸೆಳೆಯುತ್ತವೆ ಎಂಬುದು ನಿಮ್ಮ ವಿಜ್ಞಾನದ ಪಾಠದಲ್ಲೇ ಇದೆ. ಪೆಪ್ಟೈಡ್ ಹೋಗಿ ಬ್ಯಾಕ್ಟೀರಿಯದ ಪೊರೆಗೆ ಅಂಟಿ, ಅದರೊಳಗೆ ನುಗ್ಗಿ, ತೂತು ಮಾಡುತ್ತದೆ. ನಮ್ಮ ಜೀವಕೋಶದ ಹೊರಮೈ ಬಹುಮಟ್ಟಿಗೆ ತಟಸ್ಥ, ಅದರಲ್ಲಿ ಕೊಲೆಸ್ಟರಾಲೂ ಇರುತ್ತದೆ. ಆದ್ದರಿಂದ ಅದಕ್ಕೆ ಪೆಟ್ಟು ಕಡಿಮೆ.

ಲೋಳೆಗೂಡಿನ ವಿಷಯದಲ್ಲಿ ಇವುಗಳ ಮೇಲೆ ಆಸೆ ಹುಟ್ಟಲು ಕಾರಣ ಇದೇ. ಪೊರೆಯನ್ನು ತೂತು ಮಾಡಲು ಬ್ಯಾಕ್ಟೀರಿಯ ಬೆಳೆಯುತ್ತಿರಲೇಬೇಕು ಎಂದೇನಿಲ್ಲ. ನಿದ್ದೆಯಲ್ಲಿದ್ದರೂ ಪೊರೆ ಇದ್ದೇ ಇರುತ್ತದೆ. ಇನ್ನೊಂದು ಬೆರಗಿನ ಸಂಗತಿ 2008ರಲ್ಲಿ ಪ್ರಕಟವಾಯಿತು. ಸ್ಯೂಡೊಮೊನಾಸ್ ಎಂಬ ಹಟಮಾರಿ ಬ್ಯಾಕ್ಟೀರಿಯವನ್ನು ಕೊಲ್ಲಲು ಬೇಕಾದದ್ದಕ್ಕಿಂತ ಬಹಳ ಕಡಿಮೆ ಪ್ರಮಾಣದ ಎಲ್‌ಎಲ್-37 ಇದ್ದರೂ ಅದು ಗೂಡು ಕಟ್ಟುವುದನ್ನೇ ನಿಲ್ಲಿಸಿತು. ಅಂದರೆ ಕೊಲ್ಲುವುದು ಒಂದು ದಾರಿ, ಕೂರಲು ಬಿಡದಿರುವುದು ಇನ್ನೊಂದು ದಾರಿ. ಹಾಗಾಗಿಯೇ ಕ್ಯಾಥೆಟರಿನ ಒಳಮೈಗೆ, ಮಂಡಿಯ ಟೈಟೇನಿಯಂ ಮೇಲೆ ಪೆಪ್ಟೈಡನ್ನು ಲೇಪಿಸಿ, ಮೊದಲ ಬ್ಯಾಕ್ಟೀರಿಯ ಬಂದು ಕೂರುವಾಗಲೇ ತಡೆಯುವ ಪ್ರಯೋಗಗಳು ನಡೆಯುತ್ತಿವೆ. ಹಾಲೆಂಡಿನ ಸಂಶೋಧಕರು ಎಲ್‌ಎಲ್-37ರ ಮಾದರಿಯಿಂದಲೇ ತಯಾರಿಸಿದ ಸಾಪ್-148 ಎಂಬ ಪೆಪ್ಟೈಡಿನ ಮುಲಾಮು, ಇಲಿಯ ಚರ್ಮದ ಮೇಲೆ ಆಗಲೇ ನೆಲೆಯೂರಿದ್ದ ಸೋಂಕನ್ನು ತೊಡೆದುಹಾಕಿದ್ದು 2018ರಲ್ಲಿ ವರದಿಯಾಯಿತು.

ಇಲ್ಲಿ ನಿಂತು ಚಪ್ಪಾಳೆ ತಟ್ಟಿಸಿಕೊಂಡು ಹೋದರೆ ನಿಮಗೆ ಅರ್ಧ ಸತ್ಯ ಹೇಳಿದ ಹಾಗಾಗುತ್ತದೆ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಗೆದ್ದದ್ದು ಮನುಷ್ಯನ ಮೈಯಲ್ಲಿ ಗೆಲ್ಲಬೇಕೆಂದಿಲ್ಲ. ನಮ್ಮ ರಕ್ತದಲ್ಲೂ ಗಾಯದಲ್ಲೂ ಪ್ರೋಟೀನು ಕತ್ತರಿಸುವ ಕಿಣ್ವಗಳಿವೆ, ಅವು ಪೆಪ್ಟೈಡನ್ನೂ ಕತ್ತರಿಸುತ್ತವೆ. ಉಪ್ಪಿನಂಶದಲ್ಲಿ ಕೆಲವು ಪೆಪ್ಟೈಡ್‌ಗಳ ಕಸುವು ಇಳಿಯುತ್ತದೆ. ಪ್ರಮಾಣ ಹೆಚ್ಚಾದರೆ ನಮ್ಮ ಕೆಂಪು ರಕ್ತಕಣಕ್ಕೂ ಪೆಟ್ಟು. ತಯಾರಿಕೆ ದುಬಾರಿ. ಕಪ್ಪೆಯ ಮಗೈನಿನ್‌ನಿಂದ ಮಾಡಿದ ಪೆಕ್ಸಿಗನಾನ್ ಎಂಬ ಮುಲಾಮು ಸಕ್ಕರೆ ಕಾಯಿಲೆಯವರ ಕಾಲು ಹುಣ್ಣಿಗೆ ಬರುತ್ತದೆಂದು ಎಲ್ಲರೂ ಕಾದಿದ್ದರು. 1999ರಲ್ಲಿ ಅಮೆರಿಕದ ಔಷಧ ಇಲಾಖೆ ಒಪ್ಪಿಗೆ ಕೊಡಲಿಲ್ಲ. ರಕ್ತನಾಳಕ್ಕೆ ಪೈಪು ಚುಚ್ಚಿದ ಜಾಗಕ್ಕೆ ಹಚ್ಚಲೆಂದು ತಯಾರಿಸಿದ ಓಮಿಗನಾನ್ ಎಂಬ ಪೆಪ್ಟೈಡ್ ಜೆಲ್ ಕೂಡ ದೊಡ್ಡ ಪರೀಕ್ಷೆಯಲ್ಲಿ ತನ್ನ ಮುಖ್ಯ ಗುರಿ ಮುಟ್ಟಲಿಲ್ಲ.

ಪೆಪ್ಟೈಡ್ ಜಾತಿಯ ಔಷಧಿ ಆಸ್ಪತ್ರೆಯಲ್ಲಿ ಇಲ್ಲವೇ ಇಲ್ಲ ಎಂದಲ್ಲ. ಬೇರೆ ಔಷಧಿ ಕೆಲಸ ಮಾಡದಿದ್ದಾಗ ಕೊನೆಯ ಅಸ್ತ್ರವಾಗಿ ಕೊಡುವ ಕೊಲಿಸ್ಟಿನ್ ಇದೇ ಕಡೆಯ ನಂಟ. ಅದರಿಂದ ಮೂತ್ರಪಿಂಡಕ್ಕೆ ತೊಂದರೆಯಾಗಬಹುದು. ಅದಕ್ಕೂ ಬಗ್ಗದ ಬ್ಯಾಕ್ಟೀರಿಯಗಳು ಬಂದಿವೆ. ಕೋಳಿ, ಮೀನು, ದನಗಳ ಸಾಕಣೆಯಲ್ಲಿ ಕೊಲಿಸ್ಟಿನ್ ಬಳಸುವುದನ್ನು ನಮ್ಮ ದೇಶ 2019ರಲ್ಲಿ ನಿಷೇಧಿಸಿತು. ರೋಗಾಣು ಕಲಿಯುತ್ತದೆ. ಎಷ್ಟು ಒಳ್ಳೆಯ ಅಸ್ತ್ರವನ್ನಾದರೂ ಬೇಕಾಬಿಟ್ಟಿ ಬಳಸಿದರೆ ಮೊಂಡಾಗುತ್ತದೆ.

ಹಾಗಾದರೆ ಸರಿಯಾದ ಪೆಪ್ಟೈಡನ್ನು ಹುಡುಕುವುದು ಹೇಗೆ? ನನ್ನಂಥವರ ಕೆಲಸ ಬರುವುದು ಇಲ್ಲಿ. ಅಮೈನೋ ಆಮ್ಲದ ಮಣಿಗಳು 20 ಬಗೆ. ಕೆನಡಾದಲ್ಲಿ ಗೂಡು ಒಡೆಯಲೆಂದು ಪರೀಕ್ಷಿಸಿದ 1018 ಎಂಬ ಪೆಪ್ಟೈಡಿನಲ್ಲಿರುವುದು 12 ಮಣಿ ಮಾತ್ರ. 20 ಬಗೆಯ ಮಣಿಯಿಂದ 12ರ ಸರ ಎಷ್ಟು ರೀತಿ ಪೋಣಿಸಬಹುದು? ಮಕ್ಕಳೇ, 20ನ್ನು 12 ಸಲ ಬರೆದು ಗುಣಿಸಿ ನೋಡಿ. ಸುಮಾರು 41 ಕೋಟಿ ಕೋಟಿ ಬರುತ್ತದೆ. ದಿನಕ್ಕೆ ಸಾವಿರದಂತೆ ಪರೀಕ್ಷಿಸಿದರೂ ಮುಗಿಯಲು 1,100 ಕೋಟಿ ವರ್ಷ ಬೇಕು. ನಮ್ಮ ಭೂಮಿಗೆ ಆಗಿರುವ ವಯಸ್ಸೇ ಸುಮಾರು 450 ಕೋಟಿ ವರ್ಷ. ಆದ್ದರಿಂದ ಈಗಾಗಲೇ ಗೊತ್ತಿರುವ ಸಾವಿರಾರು ಪೆಪ್ಟೈಡ್‌ಗಳ ಪಟ್ಟಿಯನ್ನು ಕಂಪ್ಯೂಟರಿಗೆ ಕೊಡುತ್ತಾರೆ. ಅಮೆರಿಕದ ನೆಬ್ರಾಸ್ಕ ವಿಶ್ವವಿದ್ಯಾಲಯ 2003ರಿಂದ ಅಂಥದೊಂದು ಪಟ್ಟಿಯನ್ನು ಎಲ್ಲರಿಗೂ ತೆರೆದಿಟ್ಟಿದೆ. ಯಾವ ಮಣಿ ಯಾವ ಜಾಗದಲ್ಲಿದ್ದರೆ ರೋಗಾಣುವಿಗೆ ಪೆಟ್ಟು, ನಮಗೆ ಪೆಟ್ಟಿಲ್ಲ ಎಂಬ ಜಾಡನ್ನು ಕಂಪ್ಯೂಟರ್ ಹಿಡಿಯುತ್ತದೆ, ಪರೀಕ್ಷಿಸಲು ಯೋಗ್ಯವಾದ ನೂರಿನ್ನೂರನ್ನು ಆರಿಸಿಕೊಡುತ್ತದೆ. ಅಷ್ಟೇ ಅದರ ಕೆಲಸ. ನಿಜವೋ ಸುಳ್ಳೋ ಎಂದು ಕೊನೆಗೆ ಹೇಳಬೇಕಾದದ್ದು ಪ್ರಯೋಗಾಲಯ, ಆಮೇಲೆ ಆಸ್ಪತ್ರೆ.

ಆ ಔಷಧಿ ಬರುವವರೆಗೆ ನಾವು ಕೈಕಟ್ಟಿ ಕೂರಬೇಕಿಲ್ಲ. ಗೂಡು ಕಟ್ಟಿದ ಮೇಲೆ ಒಡೆಯುವುದು ಕಷ್ಟ, ಕಟ್ಟದಂತೆ ತಡೆಯುವುದು ನಮ್ಮ ಕೈಯಲ್ಲೂ ಸ್ವಲ್ಪ ಇದೆ. ಊರಿನವರಲ್ಲಿ, ಮುಖ್ಯವಾಗಿ ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವ ತಾಯಂದಿರಲ್ಲಿ, ನಾಲ್ಕು ಮಾತು ಕೇಳಿಕೊಳ್ಳುತ್ತೇನೆ.

ಮೊದಲನೆಯದು, ಮೂತ್ರದ ಪೈಪಾಗಲಿ, ಡ್ರಿಪ್ ಸೂಜಿಯಾಗಲಿ ಹಾಕಿದ್ದರೆ, ವೈದ್ಯರನ್ನೋ ನರ್ಸಮ್ಮನನ್ನೋ "ಇದು ಇವತ್ತೂ ಬೇಕಾ?" ಎಂದು ಕೇಳಿ. ಹೆದರಬೇಡಿ, ಅದು ಎದುರು ಮಾತಲ್ಲ. ಬೇಡವಾದ ದಿನವೇ ತೆಗೆದರೆ ಅದಕ್ಕಿಂತ ದೊಡ್ಡ ರಕ್ಷಣೆ ಇಲ್ಲ. ಆದರೆ ನೀವಾಗಿ ಎಳೆದು ತೆಗೆಯಬೇಡಿ.

ಎರಡನೆಯದು, ಪೈಪು ಮುಟ್ಟುವ ಮೊದಲೂ ಆಮೇಲೂ ಸೋಪು ಹಾಕಿ ಕೈ ತೊಳೆಯಿರಿ. ಮೂತ್ರದ ಚೀಲ ಯಾವಾಗಲೂ ರೋಗಿಯ ಸೊಂಟಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ. ಪೈಪು ಮತ್ತು ಚೀಲದ ಜೋಡಣೆಯನ್ನು ಸುಮ್ಮಸುಮ್ಮನೆ ಬಿಚ್ಚಬೇಡಿ.

ಮೂರನೆಯದು, ಮಂಡಿಯೋ ರಾಡೋ ಹಾಕಿದ ಜಾಗದಲ್ಲಿ ಬಿಸಿ, ಊತ, ಕೀವು ಕಂಡರೆ ಮೆಡಿಕಲ್ ಶಾಪಿನಿಂದ ನೀವೇ ಮಾತ್ರೆ ತಂದು ನುಂಗಬೇಡಿ. ಆಪರೇಷನ್ ಮಾಡಿದ ವೈದ್ಯರ ಹತ್ತಿರವೇ ಹೋಗಿ. ಮೊದಲೇ ಮಾತ್ರೆ ನುಂಗಿದ್ದರೆ ಪರೀಕ್ಷೆಗೆ ತೆಗೆದ ಕೀವಿನಲ್ಲಿ ರೋಗಾಣು ಸಿಗದೇ ಹೋಗಬಹುದು. ಯಾವ ರೋಗಾಣು ಎಂದು ತಿಳಿಯದಿದ್ದರೆ ಯಾವ ಔಷಧಿ ಎಂದೂ ತಿಳಿಯುವುದಿಲ್ಲ. ಬೇಗ ಹೋದರೆ, ಕೆಲವು ಸಲ ಸಾಧನ ಉಳಿಸಿಕೊಂಡೇ ಒಳಗೆ ತೊಳೆದು ವಾಸಿ ಮಾಡಬಹುದು.

ನಾಲ್ಕನೆಯದು, ಸೋಂಕಾಯಿತೆಂದ ಕೂಡಲೇ ವೈದ್ಯರನ್ನೋ ರೋಗಿಯನ್ನೋ ದೂರಬೇಡಿ. ಎಷ್ಟು ಎಚ್ಚರಿಕೆ ವಹಿಸಿದರೂ ಕೆಲವರಿಗೆ ಇದು ಆಗುತ್ತದೆ. ದೂರು ಕೇಳಿ ಕೇಳಿ ನಾಚಿಕೊಂಡು ಆಸ್ಪತ್ರೆಗೆ ತಡವಾಗಿ ಹೋಗುವವರೂ ಇದ್ದಾರೆ. ಅದರಿಂದ ಲಾಭವಾಗುವುದು ರೋಗಾಣುವಿಗೆ ಮಾತ್ರ.

ಕೊನೆಯ ಮಾತು ಮಕ್ಕಳಿಗೆ. ನಾನು ಹೇಳಿದ ಕೆಲಸದಲ್ಲಿ ಜೀವಶಾಸ್ತ್ರ ಬೇಕು, ರಸಾಯನಶಾಸ್ತ್ರ ಬೇಕು, ವಿದ್ಯುತ್ತಿನ ಪಾಠ ಬೇಕು, ಗಣಿತ ಬೇಕು, ಕಂಪ್ಯೂಟರೂ ಬೇಕು. ಇವೆಲ್ಲದರ ಬುನಾದಿ ಈ ಶಾಲೆಯ ಎಂಟು, ಒಂಬತ್ತು, ಹತ್ತನೆಯ ತರಗತಿಯ ಪುಸ್ತಕದಲ್ಲೇ ಇದೆ. ಕನ್ನಡದಲ್ಲಿ ಓದಿದರೆ ವಿಜ್ಞಾನಿಯಾಗಲು ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪೆಪ್ಟೈಡಿನ ಈ ಕೆಲಸ ಇನ್ನೂ ಮುಗಿದಿಲ್ಲ, ನಿಮ್ಮ ಕಾಲಕ್ಕೂ ಬೇಕಾದಷ್ಟು ಉಳಿದಿರುತ್ತದೆ.

2004ರ ತಂಡದ ನಾವು ಸೇರಿ ಶಾಲೆಯ ಪ್ರಯೋಗಾಲಯಕ್ಕೆ ಎರಡು ಸೂಕ್ಷ್ಮದರ್ಶಕಗಳನ್ನೂ ಬಣ್ಣ ಹಾಕುವ ಸಾಮಗ್ರಿಯನ್ನೂ ಕೊಡುತ್ತಿದ್ದೇವೆ. ಮುಖ್ಯೋಪಾಧ್ಯಾಯರಲ್ಲಿ ಒಂದೇ ಕೋರಿಕೆ, ಅವನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ, ಮಕ್ಕಳ ಕೈಗೆ ಕೊಡಿ. ಕೆಟ್ಟರೆ ರಿಪೇರಿ ಖರ್ಚು ನಮ್ಮದು. ಮಕ್ಕಳೇ, ಮೊದಲ ದಿನ ಹಲ್ಲುಜ್ಜುವ ಮುಂಚೆ ಕಡ್ಡಿಯಿಂದ ಹಲ್ಲಿನ ಮೇಲಿನ ಕೊಳೆ ಸ್ವಲ್ಪ ಕೆರೆದು ತನ್ನಿ. ಗಾಜಿನ ಪಟ್ಟಿಯ ಮೇಲೆ ಸವರಿ, ಮೇಷ್ಟ್ರು ಹೇಳಿದಂತೆ ಬಣ್ಣ ಹಾಕಿ ನೋಡಿ. ನೋಡಿದ್ದನ್ನು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದಿಡಿ.